ಮುಂದಕ್ಕ ತಿರುಗಿಸಿದ್ದು

ಬೀದರಿನ ಚಿದ್ರಿ ರೋಡಿನ್ಯಾಗ ನನ್ನ ತಗಡಿನ ಅಂಗಡಿ.
ಬೋರ್ಡಿನ ಮ್ಯಾಲ ಪೇಂಟರ ಬರದ ಮುಳ್ಳು
ಎಂಬತ್ತಕ್ಕ ನಿಂತದ.
ಅಂಗಡಿ ನಡೆಯೋದು ಇಪ್ಪತ್ತರಾಗ.

ನೆತ್ತಿ ಮ್ಯಾಲ ಏರ್‌ಫೋರ್ಸಿನ ವಿಮಾನ
ಮುಂಜಾನಿಂದ ಗಿರಕಿ ಹೊಡಿತಾವ.
ಅವುಗಳ ಮೀಟರ್ ನನ್ನ ತನಕ ಬರಂಗಿಲ್ಲ.
ಬರೋವು ಟಂಟಂ, ಜೀಪು, ಹಳೇ ಮಾರುತಿ.

ಇವತ್ತ ಬಂದದ್ದು ಪ್ರೇಮಲಾ ಸಿಸ್ಟರ್ ಅವರ ಏಟ್‌ಹಂಡ್ರೆಡ್,
ಒಂದು ಕಾಲಕ್ಕ ಬಿಳಿ.
'ಝರೆಪ್ಪ, ಮುಳ್ಳು ನಡುಗತದ.
ನಂಬರ ಸತ್ತು ಆರು ವರ್ಷಾತು.'

ಮುಳ್ಳಿನದು ಹಗುರ ಬ್ಯಾನಿ.
ಗೇರ್‌ಬಾಕ್ಸಿನಿಂದ ಬರೋ ಕೇಬಲ್ ಒಣಗಿ
ನೀರಿಲ್ಲದ ನಳದಂಗ ಕೆಮ್ಮತಿತ್ತು.
ಎಳದು ತೆಗದು, ಸೀಮಿಎಣ್ಣಿಯಾಗ ತೊಳದು,
ಗ್ರೀಸ್ ಸವರಿ, ಬತ್ತಿಯಂಗ ಹೊಸೆದೆ.

ಆಮ್ಯಾಗ ಮೀಟರ್ ಬಿಚ್ಚಿದೆ.
ಎರಡು ಚಮಚ ಎದುರಾಬದುರು ಕೊಟ್ಟು
ಮುಳ್ಳು ಎಬ್ಬಿಸಬೇಕು. ಆಗ ಉಸಿರು ಬಿಡಬಾರದು.
ಒಳಗ ಸುತ್ತೋ ಅಯಸ್ಕಾಂತ,
ಅದರ ಮ್ಯಾಲ ಬೋರಲು ಹಾಕಿದಂಗ ಅಲ್ಯುಮಿನಿಯಂ ಬಟ್ಟಲು.
ಒಂದಕ್ಕೊಂದು ಮುಟ್ಟಂಗಿಲ್ಲ.
ಉಸ್ತಾದ್ ವಾಜಿದ್‌ಮಿಯಾ ಮೊದಲ ದಿನ ಇದನ್ನ ತೋರಿಸಿದಾಗ
ನಾ ನಂಬದೆ ನಡುವ ಕಾಗದ ತೂರಿಸಿ ನೋಡಿದ್ದೆ.
ಕಾಗದ ಅಡ್ಡ ಇದ್ದರೂ ಮುಳ್ಳು ಏರಿತು.
'ವೇಗ ಅಂಬೋದು ಬರೇ ಸೆಳೆತ, ಬೇಟಾ,
ನಿಂತರ ಮರತು ಬಿಡ್ತದ.
ದೂರ ಹಂಗಲ್ಲ. ದೂರಕ್ಕ ಹಲ್ಲು ಬೇಕು.'

ಹಲ್ಲೇ ಮುರಿದಿತ್ತು.
ಕಡ್ಲಿಬ್ಯಾಳಿಗಿಂತ ಸಣ್ಣ ಪ್ಲಾಸ್ಟಿಕ್ ಗಾಲಿ,
ಒಂದೇ ಒಂದು ಹಲ್ಲು.
ಅಷ್ಟಕ್ಕ ಆರು ವರ್ಷದ ರಸ್ತೆ
ಲೆಕ್ಕದಿಂದ ಜಾರಿ ಹೋಗ್ಯಾದ.
ಡಬ್ಬಿ ಸುರುವಿ, ಗುಜರಿಗೆ ಬಿದ್ದ ಓಮ್ನಿಯ ಗಾಲಿ ಹುಡುಕಿ
ಕೂಡಿಸಿದೆ. ಕೇಬಲ್ಲಿನ ತುದಿ ಬೆರಳಾಗ ತಿರುಗಿಸಿದೆ.
ಕಡೇ ಅಂಕಿ ಅರ್ಧ ಎದ್ದು,
ಅನುಮಾನ ಮಾಡಿ,
ಪೂರ್ತಿ ಎದ್ದಿತು.

'ಸಿಸ್ಟರ್, ಎಷ್ಟಕ್ಕ ಇಡಲಿ?'
ಮೂವತ್ತು ವರ್ಷದಾಗ ಈ ಪ್ರಶ್ನಿಗಿ ಸಿಕ್ಕ ಉತ್ತರ ಒಂದೇ:
ಇಳಸು. ಮಾರೋದದ. ನಲವತ್ತರೊಳಗ ಇಡು.
ಹಿಂದಕ್ಕ ತಿರುವಿ ತಿರುವಿ
ನನ್ನ ಹೆಬ್ಬೆರಳಿನ ಗೆರಿ ಸವದಾವ.

ಸಿಸ್ಟರ್ ಡ್ಯಾಶ್‌ಬೋರ್ಡಿನ ಗೂಡಿನಿಂದ
ನೂರು ಪುಟದ ನೋಟಬುಕ್ ತೆಗೆದರು.
ಮೀಟರ್ ನಿಂತ ದಿನದಿಂದ ಬರದದ್ದು.
ಭಾಲ್ಕಿ, ಹೋಗಿ ಬಂದು, ಎಂಬತ್ತು.
ಕಮಠಾಣ, ಇಪ್ಪತ್ತು. ಮತ್ತ ಕಮಠಾಣ, ರಾತ್ರಿ.
ಜನವಾಡ, ಹೆಣ್ಣು ಕೂಸು, ಇಪ್ಪತ್ತನಾಲ್ಕು.
ಔರಾದ. ದಾರಿ ತಪ್ಪಿ ಎಂಟು ಹೆಚ್ಚು.
ಒಟ್ಟು ಹದಿನೆಂಟು ಸಾವಿರದ ಇನ್ನೂರಾ ಹನ್ನೆರಡು.
'ಇದನ್ನ ಕೂಡಿಸು.'

ಒಂದು ಸಾಲಿನ ಮುಂದ ಪ್ರಶ್ನೆಯ ಕೊಂಡಿ.
'ಇದು ಎಂಜಿನ್ ಬಂದಾಗಿ
ಊರ ಮಂದಿ ನೂಕಿದ್ದು, ಎರಡು ಕಿಲೋಮೀಟರ್.
ಒಳಗ ಬಸುರಿ ಇದ್ದಳು.
ಇದನ್ನ ಓಡಿದ್ದಂತ ಹಿಡೀಬೇಕಾ?'
ಗೇರ್ ನ್ಯೂಟ್ರಲ್ ಇದ್ದರೂ ಕೇಬಲ್ ತಿರುಗತದ.
ಎಂಜಿನ್ನಿನ ಕಡಿ ಅಲ್ಲ, ಗಾಲಿ ಕಡಿ ಅದರ ಕಿವಿ.
'ಹಿಡೀರಿ,' ಅಂದೆ.
ನನ್ನ ಪೆನ್ನು ಇಸಕೊಂಡು
ಹನ್ನೆರಡನ್ನ ಹದಿನಾಲ್ಕು ಮಾಡಿದರು.
ಆ ಕೂಸಿನ ಮಾತು ನಾ ಕೇಳಲಿಲ್ಲ, ಅವರೂ ಎತ್ತಲಿಲ್ಲ.

ನಲವತ್ತೊಂದು ಸಾವಿರದ ಮುನ್ನೂರಾ ಆರರಿಂದ
ಐವತ್ತೊಂಬತ್ತು ಸಾವಿರದ ಐನೂರಾ ಇಪ್ಪತ್ತಕ್ಕ
ಒಂದೊಂದೇ ಅಂಕಿ ಹಿಡಿದು ಮುಂದಕ್ಕ ತಿರುಗಿಸಿದೆ.
ಬೆರಳಿಗಿ ರೂಢಿ ಇಲ್ಲ. ಎರಡು ಸಲ ತಪ್ಪಿತು.

ನೌಬಾದ ತನಕ ಹೋಗಿ ಬಂದ್ವಿ.
ಮುಳ್ಳು ನಲವತ್ತಕ್ಕ ನೆಟ್ಟಗ ನಿಂತಿತು.
ಗಾಡಿ ನಿಲ್ಲಿಸಿದ ಮ್ಯಾಗೂ
ಸೊನ್ನಿಗಿಂತ ಕೂದಲೆಳಿ ಮ್ಯಾಲೇ ಉಳೀತು.
'ಮತ್ತ ಬಿಚ್ಚಲೇನ್ರಿ?'
'ಇರಲಿ ಬಿಡು.'

ಅವರು ಹೋಗೋದ ತಡ, ಸುಮೋದವನೊಬ್ಬ
ಬಾಗಿಲಿಗಿ ನಿಂತ. ಸಂಜಿಗಿ ಗಿರಾಕಿ ಬರ್ತಾರಂತ,
ಮೂವತ್ತು ಸಾವಿರ ಇಳಸಬೇಕಂತ, ಈಗಿಂದೀಗ.
ಹೊಟ್ಟಿ ಅಂಬೋದು ನನಗೂ ಅದ.
ಎರಡೂ ಚಮಚ ಒರಸಿ ಡಬ್ಬಿಯಾಗ ಇಟ್ಟೆ.
'ಇವತ್ತ ಆಗಂಗಿಲ್ಲ,' ಅಂದೆ. 'ನಾಳಿಗಿ ಬಾ.'